ಎಲ್ಲರೂ ಕ್ಷೇಮ ಎಂದ ಬೆಳಗು

ಕಡಲ ಮೇಲಿನ ಒಂದು ಮಾತು ಐವತ್ತು ಮೈಲಿ ದಾಟಿ ದಡ ಸೇರಬೇಕಾದರೆ ಏನೇನು ಬೇಕು ಎಂದು ಬೆಳ್ಕೋಡಿಯ ಮೀನುಗಾರರ ಸಂಘ ಒಂದು ಮಳೆಗಾಲ ಪೂರ್ತಿ ಲೆಕ್ಕ ಹಾಕಿತು. ಉಪಗ್ರಹದ ಬಾಡಿಗೆ ದೊಡ್ಡ ಹಡಗಿನವರಿಗೆ ಮಾತ್ರ ಎಟುಕುವ ಕಾಲ ಬಂದಿತ್ತು. ಒಂದು ದೋಣಿಯ ತಿಂಗಳ ಬಾಡಿಗೆ ಅದರ ನಾಲ್ಕು ದಿನದ ಡೀಸೆಲ್ಲನ್ನು ನುಂಗುತ್ತಿತ್ತು. ಹಾಗಾಗಿ ದಡಕ್ಕೂ ಮೀನಿನ ನೆಲೆಗೂ ನಡುವೆ ತಮ್ಮದೇ ಒಂದು ತೇಲುಯಂತ್ರ ನಿಲ್ಲಿಸುವುದೆಂದಾಯಿತು. ಇಪ್ಪತ್ತು ವಾಟಿನ ಆಂಪ್ಲಿಫೈಯರ್ ಹಾಕಿದರೆ ಎರಡು ಸೋಲಾರ್ ಹಲಗೆ, ಒಂದು ಬ್ಯಾಟರಿ, ಒಟ್ಟು ತೊಂಬತ್ತು ಕಿಲೋ ಭಾರ. ನಾಲ್ಕು ಜನ ಎತ್ತಿ ನೀರಿಗೆ ಬಿಡಬಹುದು. ನೂರೈವತ್ತು ವಾಟಿನದಾದರೆ ಹದಿನೈದು ಹಲಗೆ, ಏಳು ಬ್ಯಾಟರಿ, ಎತ್ತಲು ಕ್ರೇನ್, ಹಿಡಿದು ನಿಲ್ಲಿಸಲು ದೊಡ್ಡ ಲಂಗರು. ಬೆಲೆ ಒಂದು ಹೊಸ ದೋಣಿಯಷ್ಟು. ಸಂಘ ಇಪ್ಪತ್ತು ವಾಟಿನದನ್ನೇ ಆರಿಸಿತು. ಅದರಲ್ಲಿ ತಪ್ಪು ಹುಡುಕುವಂತಿಲ್ಲ. ಇದ್ದಷ್ಟರಲ್ಲಿ ಸಂಸಾರ ತೂಗಿಸುವವರು ಯಾರಾದರೂ ಹಾಗೇ ಮಾಡುತ್ತಿದ್ದರು.

ಯಂತ್ರ ನೋಡಲು ಬೋರಲು ಹಾಕಿದ ನೀರಿನ ಕೊಡದ ಹಾಗಿತ್ತು. ಊರವರು ಅದನ್ನು ಕೊಡ ಎಂದೇ ಕರೆದರು.

ಕೊಡದ ಸುದ್ದಿ ದಡದಲ್ಲಿ ಬಂದು ಸೇರುತ್ತಿದ್ದುದು ಮಂಜುಗಡ್ಡೆ ಕಾರ್ಖಾನೆಯ ಮಾಳಿಗೆಯ ಮೇಲಿನ ಒಂದು ಕೋಣೆಗೆ. ಆ ಕೋಣೆಯ ಉಸ್ತುವಾರಿ ಗುಲಾಬಿಯದು. ಐವತ್ತೆರಡು ವರ್ಷದ ಹೆಂಗಸು. ಇಪ್ಪತ್ತು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರಿದವಳು. ಗಂಡ ತೀರಿಕೊಂಡ ಮೇಲೆ, ಅವನು ಬಿಟ್ಟುಹೋದ ವಯರ್‌ಲೆಸ್ ರಿಪೇರಿಯ ಪೆಟ್ಟಿಗೆಯನ್ನು ಬಿಚ್ಚಿ, ಸುಟ್ಟದ್ದು ಯಾವುದು ಸುಡದ್ದು ಯಾವುದು ಎಂದು ಮೂಗಿನಿಂದಲೇ ಕಲಿತವಳು. ಶಾಲೆ ಏಳನೆಯವರೆಗೆ. ಬಂದರಿನಲ್ಲಿ ಯಾರ ಮೀನು ಶೋಧಕ ಕೆಟ್ಟರೂ ಮೊದಲು ಬರುತ್ತಿದ್ದುದು ಅವಳ ಬಳಿಗೇ.

ಕೋಣೆಯ ಗೋಡೆಯ ಮೇಲೆ ಅರವತ್ತನಾಲ್ಕು ದೀಪಗಳ ಒಂದು ಬೋರ್ಡು. ಒಂದೊಂದು ದೋಣಿಗೆ ಒಂದೊಂದು ದೀಪ. ಪ್ರತಿ ದೋಣಿಯಲ್ಲೂ ನಾಲ್ಕು ಗುಂಡಿಗಳ ಒಂದು ಪೆಟ್ಟಿಗೆ ಇರುತ್ತದೆ. ಹಸಿರು ಒತ್ತಿದರೆ ಕ್ಷೇಮ. ಹಳದಿ ಒತ್ತಿದರೆ ಮೀನು ಸಿಕ್ಕಿದೆ. ನೀಲಿಯಾದರೆ ಹೊರಟು ಬರುತ್ತಿದ್ದೇವೆ. ಕೆಂಪಾದರೆ ಸಹಾಯ ಬೇಕು. ಕೊಡ ಬ್ಯಾಟರಿ ಉಳಿಸಲಿಕ್ಕಾಗಿ ದಿನಕ್ಕೆ ಮೂರೇ ಸಲ ಎದ್ದು ಮಾತಾಡುತ್ತಿತ್ತು: ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಆರಕ್ಕೆ. ಆಗ ಅರವತ್ತನಾಲ್ಕು ದೋಣಿಗಳ ಮಾತನ್ನೂ ಒಟ್ಟುಮಾಡಿ ಒಂದೇ ಉಸಿರಿಗೆ ದಡಕ್ಕೆ ಕಳಿಸುತ್ತಿತ್ತು.

ಬೆಳಗಿನ ಆರು ಗಂಟೆ ಬಂದರಿನ ಹೆಂಗಸರಿಗೆ ಮುಖ್ಯ. ಎಷ್ಟು ಹಳದಿ, ಎಷ್ಟು ನೀಲಿ ಎಂದು ಗುಲಾಬಿ ಕಿಟಕಿಯಿಂದ ಕೂಗಿ ಹೇಳಿದರೆ ಕೆಳಗಿದ್ದವರು ಅದಕ್ಕೆ ತಕ್ಕಂತೆ ಬುಟ್ಟಿ ತರುತ್ತಿದ್ದರು, ಕಾರ್ಖಾನೆಯವರು ಅದಕ್ಕೆ ತಕ್ಕಂತೆ ಮಂಜುಗಡ್ಡೆ ಪುಡಿಮಾಡುತ್ತಿದ್ದರು.

ಮೂರನೇ ತಿಂಗಳಿನಿಂದ ಒಂದು ವಿಚಿತ್ರ ಶುರುವಾಯಿತು. ಕೆಲವು ಬೆಳಿಗ್ಗೆ ಕೊಡ ಬಾಯಿಯನ್ನೇ ತೆರೆಯುತ್ತಿರಲಿಲ್ಲ. ಆರಕ್ಕೆ ಒಂದು ಸಲ ಚಿರ್ರ್ ಎನ್ನುತ್ತಿತ್ತು. ಎರಡು ನಿಮಿಷ ಬಿಟ್ಟು ಮತ್ತೊಂದು ಚಿರ್ರ್, ಇನ್ನೆರಡು ನಿಮಿಷಕ್ಕೆ ಮೂರನೆಯದು. ಆಮೇಲೆ ಮಧ್ಯಾಹ್ನದವರೆಗೆ ಸದ್ದಿಲ್ಲ. ಬೋರ್ಡಿನಲ್ಲಿ ಒಂದು ದೀಪವೂ ಇಲ್ಲ. ಮೊದಲ ಸಲ ಊರೇ ಹೆದರಿತು. ಮಧ್ಯಾಹ್ನ ಹನ್ನೆರಡಕ್ಕೆ ಬೋರ್ಡು ಏನೂ ಆಗದ ಹಾಗೆ ಮಿನುಗಿತು. ಸಂಜೆ ದೋಣಿಗಳು ಬಂದವು. ಎಲ್ಲರೂ ಕ್ಷೇಮ. ಬುಟ್ಟಿ ಮಾತ್ರ ಖಾಲಿ.

ಎರಡನೇ ಸಲವೂ ಹಾಗೇ. ಮೂರನೇ ಸಲವೂ ಹಾಗೇ. ಒಗಟು ಬಿಡಿಸಿದವಳು ಲಚ್ಚಕ್ಕ. ಅವಳ ಗಂಡ ಶೀನಣ್ಣ ಒಂಬತ್ತನೇ ನಂಬರಿನ ದೋಣಿಯ ತಾಂಡೇಲ, ಅಂದರೆ ದೋಣಿ ನಡೆಸುವ ಮುಖ್ಯಸ್ಥ.

"ಕಾಣ್ ಗುಲಾಬಿ," ಎಂದಳು ಲಚ್ಚಕ್ಕ, ಖಾಲಿ ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು. "ಕೊಡ ಬಾಯಿ ಮುಚ್ಚಿತ್ ಅಂದ್ರೆ ಮೀನಿಲ್ಲ. ಎಲ್ರೂ ಸುಖವಾಗಿ ಕೂಕಂಡ್ ಬೀಡಿ ಸೇದ್ತಿದ್ರ್ ಅಂತ್ಲೇ ಅರ್ಥ."

"ಅದೆಂಥಕ್ಕೆ ಹಾಂಗೆ?"

"ನಂಗೆಂತ ಗೊತ್ತ್? ನಮ್ಮನಿ ಗಂಡಸ್ರ್ ಹಾಂಗೇ ಅಲ್ದಾ? ಹೇಳುಕೆ ಒಳ್ಳೆ ಸುದ್ದಿ ಇಲ್ದಿದ್ರೆ ಬಾಯೇ ತೆಗಿತಿಲ್ಲ."

ಕೆಳಗಿದ್ದವರೆಲ್ಲ ನಕ್ಕರು. ಆದರೆ ಗುಲಾಬಿ ತನ್ನ ಪುಸ್ತಕ ತೆಗೆದು ನೋಡಿದಳು. ಲಚ್ಚಕ್ಕ ಹೇಳಿದ್ದು ಸರಿ. ಅಂದಿನಿಂದ ಅದೊಂದು ಪದ್ಧತಿಯೇ ಆಯಿತು. ಕೊಡ ಮುಚ್ಚಿದ ಬೆಳಿಗ್ಗೆ ಹೆಂಗಸರು ಬುಟ್ಟಿ ತರುತ್ತಿರಲಿಲ್ಲ. ಮನೆಗೆ ಹೋಗಿ ಎರಡನೇ ಸಲ ಚಾ ಕಾಯಿಸುತ್ತಿದ್ದರು, ಮಕ್ಕಳ ತಲೆ ಬಾಚುತ್ತಿದ್ದರು, ಕೆಲವರು ಮತ್ತೆ ಚಾಪೆಯ ಮೇಲೆ ಉರುಳುತ್ತಿದ್ದರು. ವಾರಕ್ಕೊಮ್ಮೆಯೋ ಹತ್ತು ದಿನಕ್ಕೊಮ್ಮೆಯೋ ಅಯಾಚಿತವಾಗಿ ಸಿಗುವ ರಜೆ. ಗುಲಾಬಿ ಪುಸ್ತಕದಲ್ಲಿ ಬರೆಯುತ್ತಿದ್ದಳು: ಕೊಡ ಮುಚ್ಚಿದೆ. ಎಲ್ಲ ಕ್ಷೇಮ. ಹದಿನಾರು ಸಲ ಹಾಗೆ ಬರೆದಳು. ಹದಿನಾರು ಸಲವೂ ಸರಿಯಾಯಿತು. ಅವಳಿಗೆ ಅದರ ಬಗ್ಗೆ ಒಂದು ಸಣ್ಣ ಹೆಮ್ಮೆ ಕೂಡ ಇತ್ತು. ಸಂಘದವರು "ರಿಪೇರಿಗೆ ಜನ ಕರೆಸೋಣ" ಎಂದಾಗ ಬೇಡವೆಂದವಳೂ ಅವಳೇ.

ಅವಳ ಮಗಳು ಕುಮುದ ನಲವತ್ತೊಂದನೇ ದೋಣಿಯ ತಾಂಡೇಲ. ಬಂದರಿನಲ್ಲಿ ತಾಂಡೇಲರಾದ ನಾಲ್ಕು ಹೆಂಗಸರಲ್ಲಿ ಒಬ್ಬಳು. ಕಡಲಿಗೆ ಹೋಗುವ ಹಿಂದಿನ ಸಂಜೆ, ಅಡುಗೆಮನೆಯಲ್ಲಿ ಕುಚ್ಚಲಕ್ಕಿ ಗಂಜಿಗೆ ಉಪ್ಪಿನಕಾಯಿ ಹಚ್ಚಿಕೊಳ್ಳುತ್ತಾ ಅವಳು ಅಮ್ಮನನ್ನು ಛೇಡಿಸಿದಳು.

"ಅಮ್ಮ, ನಿಂಗೆ ನನ್ನ ದೀಪ ಕಂಡ್ರೆ ಸಮಾಧಾನವೋ, ಬೋರ್ಡ್ ಪೂರ್ತಿ ಕಪ್ಪಾದ್ರೆ ಸಮಾಧಾನವೋ?"

"ಕಪ್ಪಾದ್ರೇ ಒಳ್ಳೇದ್. ನಿಂದೊಂದೇ ಅಲ್ಲ, ಎಲ್ಲರದ್ದೂ ಒಟ್ಟಿಗೇ ಗೊತ್ತಾತ್ತ್."

"ಮೀನು?"

"ಮೀನ್ ನಾಳಿಗೂ ಇರ್ತ್. ಹೆಚ್ಚ್ ಮಾತಾಡ್ದೆ ಉಣ್ಣ್."

ಸಂಘದವರು ಗುಲಾಬಿಯ ಮಾತು ಕೇಳದೆ ಜನ ಕರೆಸಿಯೇ ಬಿಟ್ಟಿದ್ದರು. ಅದಾದ ಮೂರನೇ ದಿನ, ಕುಮುದ ಕಡಲಿನಲ್ಲಿರುವಾಗ, ಬೆಳಿಗ್ಗೆ ಐದೂವರೆಗೆ ಹೆಗಲಿಗೊಂದು ಚೀಲ ಹಾಕಿಕೊಂಡು ಒಬ್ಬ ಎಂಜಿನಿಯರ್ ಮಾಳಿಗೆ ಮೆಟ್ಟಿಲು ಹತ್ತಿ ಬಂದ. ಹೆಸರು ಈರಣ್ಣ ಹೂಗಾರ. ಗದಗಿನ ಕಡೆಯವನು. ಮೂವತ್ತು ದಾಟಿರಬಹುದು. ಚೀಲದಲ್ಲಿ ಲ್ಯಾಪ್‌ಟಾಪು, ಅಂಗೈಯಗಲದ ಒಂದು ಹಸಿರು ಬೋರ್ಡು, ಮತ್ತು ತಾಯಿ ಕಟ್ಟಿಕೊಟ್ಟ ರೊಟ್ಟಿ.

"ಆರಕ್ಕ ಏನಾಗತೈತಿ ಅಂತ ಕಣ್ಣಾರೆ ನೋಡಬೇಕಂತ ರಾತ್ರಿ ಬಸ್ಸಿಗೇ ಬಂದೆ ರೀ," ಎಂದ.

"ಕೂಕಣಿ," ಎಂದಳು ಗುಲಾಬಿ, ಅಷ್ಟೇನೂ ಖುಷಿಯಿಲ್ಲದೆ. "ಕಾಣುಕೆ ಎಂತಾ ಇಲ್ಲ. ಅದು ಕೆಟ್ಟದ್ದಲ್ಲ, ಅದರ ಭಾಷೆ ಹಾಂಗೆ."

ಆರು ಗಂಟೆಗೆ ಕೊಡ ಚಿರ್ರ್ ಎಂದಿತು. ಎರಡು ನಿಮಿಷ. ಮತ್ತೆ ಚಿರ್ರ್. ಮತ್ತೆರಡು ನಿಮಿಷ. ಚಿರ್ರ್. ಬೋರ್ಡು ಕಪ್ಪು.

ಗುಲಾಬಿ ಕಿಟಕಿಗೆ ಹೋಗಿ ಕೂಗಿದಳು: "ಮುಚ್ಚಿತ್!"

ಕೆಳಗಿಂದ ಲಚ್ಚಕ್ಕನ ದನಿ ಬಂತು: "ಹಾಂಗಾರೆ ನಾ ಹೋಯಿ ಮಲ್ಕಂತೆ. ಆ ಹೊಸಬ್ರಿಗೆ ಹೇಳ್, ಯಂತ್ರ ಮುಟ್ಟಿದ್ರೆ ಕೈ ಮುರಿತೆ ಅಂತ!"

ಹೆಂಗಸರು ನಗುತ್ತಾ ಚೆದುರಿದರು. ಈರಣ್ಣ ನಗಲಿಲ್ಲ. ಅವನ ಕಣ್ಣು ಲ್ಯಾಪ್‌ಟಾಪಿನ ಗೆರೆಯ ಮೇಲಿತ್ತು. ಮೂರೂ ಸಲ ಆ ಗೆರೆ ಸೂಜಿಯ ಹಾಗೆ ಮೇಲೆ ಚಿಮ್ಮಿ ಅಲ್ಲೇ ಕತ್ತರಿಸಿಹೋಗಿತ್ತು.

"ಅಕ್ಕಾರ, ಇದು ಹೆಂಗ ನಡಿತೈತಿ ಅಂತ ಹೇಳ್ತೀನಿ, ತಪ್ಪಿದ್ದರ ಹೇಳ್ರಿ," ಎಂದು ಅವನು ಕಾಗದ ಎಳೆದುಕೊಂಡ. ಅವನು ಹೇಳಿದ್ದು ಇಷ್ಟು. ಕೊಡ ಅರವತ್ತನಾಲ್ಕು ಸಣ್ಣ ಅಲೆಗಳನ್ನು ಒಟ್ಟಿಗೇ ಕಳಿಸುತ್ತದೆ, ದೋಣಿಗೊಂದು ಎಳೆಯಂತೆ. ದೋಣಿ ಹೇಳುವ ಮಾತಿಗೆ ತಕ್ಕ ಹಾಗೆ ಅದರ ಅಲೆ ಎಲ್ಲಿಂದ ಹೊರಡಬೇಕು ಎಂಬುದು ನಿರ್ಧಾರವಾಗುತ್ತದೆ. ಕ್ಷೇಮವಾದರೆ ಅಲೆಯ ನೆತ್ತಿಯಿಂದ, ಮೀನಾದರೆ ಇಳಿಜಾರಿನ ನಡುವಿನಿಂದ, ವಾಪಸಾದರೆ ತಳದಿಂದ, ಕೆಂಪಾದರೆ ಏರಿನ ನಡುವಿನಿಂದ. ಮಾತುಗಳು ಬೆರಕೆಯಾಗಿದ್ದರೆ ಒಂದರ ಏರು ಇನ್ನೊಂದರ ಇಳಿತಕ್ಕೆ ಸಮವಾಗಿ, ಒಟ್ಟು ಶಕ್ತಿ ಸರಾಸರಿ ಎರಡು ವಾಟಿನ ಸುತ್ತ ಇರುತ್ತದೆ. ಒಮ್ಮೊಮ್ಮೆ ಹದಿನೈದು ಹದಿನಾರಕ್ಕೆ ಜಿಗಿಯುತ್ತದೆ. ಇಪ್ಪತ್ತು ವಾಟಿನ ಆಂಪ್ಲಿಫೈಯರ್ ಅದನ್ನು ತಡೆದುಕೊಳ್ಳುತ್ತದೆ.

"ಆದ್ರ ಎಲ್ಲಾರೂ ಒಂದೇ ಮಾತು ಹೇಳಿದ್ರು ಅಂದ್ರ, ಅರವತ್ತನಾಲ್ಕು ನೆತ್ತಿ ಒಂದರ ಮ್ಯಾಲೊಂದು ಕೂತಾವ. ಆ ಒಂದು ಕ್ಷಣಕ್ಕ ನೂರಿಪ್ಪತ್ತೆಂಟು ವಾಟ್ ಬೇಕು. ಆಂಪ್ಲಿಫೈಯರ್ ಎಲ್ಲಿಂದ ತಂದೀತು? ಸುಟ್ಟುಹೋಗಬಾರದಂತ ತಾನೇ ಬಂದ್ ಆಗತೈತಿ. ಎರಡು ನಿಮಿಷಕ್ಕ ಮತ್ತ ಏಳತೈತಿ, ಅದೇ ಮಾತು, ಅದೇ ನೆತ್ತಿ, ಮತ್ತ ಬಂದ್. ಮೂರು ಸಲ ಆದ ಮ್ಯಾಲೆ ಮಧ್ಯಾಹ್ನದ ತನಕ ಬೀಗ."

ಗುಲಾಬಿಯ ಮುಖ ಅರಳಿತು. "ಹಾಂಗಾರೆ ನಾವ್ ಹೇಳಿದ್ದೇ ಸಮ ಅಲ್ದಾ! ಎಲ್ರೂ ಕ್ಷೇಮ ಅಂದ್ರೆ ಬಾಯಿ ಮುಚ್ಚುತ್ತ್. ಪುಸ್ತಕ ಓದ್ದೆ ಕಂಡುಹಿಡಿದ್ವಿ ಮಾರಾಯ್ರೆ."

"ಖರೇನ ಕಂಡುಹಿಡಿದೀರಿ," ಎಂದ ಈರಣ್ಣ. ಅವನ ದನಿಯಲ್ಲಿ ನಿಜವಾದ ಮೆಚ್ಚುಗೆಯಿತ್ತು. ಅವನು ರೊಟ್ಟಿಯ ಗಂಟು ಬಿಚ್ಚಿ ಅವಳಿಗೊಂದು ಕೊಟ್ಟ. ಗುಲಾಬಿ ಚಾ ಬಗ್ಗಿಸಿದಳು. ಇಬ್ಬರೂ ತಿನ್ನತೊಡಗಿದರು.

ರೊಟ್ಟಿಯ ಎರಡನೇ ತುತ್ತು ಬಾಯಲ್ಲಿರುವಾಗಲೇ ಗುಲಾಬಿಗೆ ತನ್ನ ಚಿಕ್ಕಂದಿನ ರಂಪಣಿ ನೆನಪಾಯಿತು. ದಡದಿಂದಲೇ ಎಳೆಯುವ ದೊಡ್ಡ ಬಲೆ ಅದು. ಹಗ್ಗಕ್ಕೆ ಅರವತ್ತೆಪ್ಪತ್ತು ಜನ ಸಾಲಾಗಿ ನಿಂತು, ಕೂಗಿಗೆ ಸರಿಯಾಗಿ ಒಟ್ಟಿಗೇ ಜಗ್ಗುತ್ತಿದ್ದರು. ಹಾಗೆ ಜಗ್ಗಿ ಒಂದು ಸಲ ಹಗ್ಗವೇ ಕಡಿದುಹೋಗಿ ಎಲ್ಲರೂ ಮರಳಿನ ಮೇಲೆ ಅಂಗಾತ ಬಿದ್ದದ್ದನ್ನು ಅವಳು ನೋಡಿದ್ದಳು. ಹಗ್ಗ ಕಡಿದದ್ದು ಎಲ್ಲರೂ ಒಟ್ಟಿಗೆ ಎಳೆದದ್ದಕ್ಕೆ. ಆದರೆ ಆವತ್ತು ಎಲ್ಲರೂ ಎಳೆದಿರಲಿಲ್ಲ. ಅವಳ ಅಪ್ಪ ಕಾಲಿಗೆ ಮುಳ್ಳು ಚುಚ್ಚಿ ಹಗ್ಗ ಬಿಟ್ಟು ಪಕ್ಕಕ್ಕೆ ಕೂತಿದ್ದ.

ಅವಳು ಚಾ ಲೋಟ ಕೆಳಗಿಟ್ಟಳು.

"ಹೂಗಾರ್ರೆ, ಅರವತ್ತಮೂರು ಜನ ಹಸಿರು ಒತ್ತಿ, ಒಬ್ಬ ಕೆಂಪು ಒತ್ತಿದ್ರೆ?"

ಈರಣ್ಣ ಅಗಿಯುವುದನ್ನು ನಿಲ್ಲಿಸಿದ. ಕಾಗದದ ಮೇಲೆ ಎರಡು ಸಾಲು ಗೀಚಿದ. ಅವನ ಪೆನ್ನು ಅಲ್ಲೇ ನಿಂತಿತು.

"ನೂರಿಪ್ಪತ್ತೆಂಟರ ಬದಲಿ ನೂರಿಪ್ಪತ್ತನಾಲ್ಕು. ಕೊಡಕ್ಕ ಫರಕ್ ಗೊತ್ತಾಗಂಗಿಲ್ಲ."

"ಅಂದ್ರೆ ಆಗ್ಲೂ ಮುಚ್ಚುತ್ತ್."

"ಮುಚ್ಚತೈತಿ."

"ಅರ್ಧ ಜನ ಒಂದೇ ಮಾತು ಹೇಳಿದ್ರೆ?"

"ಅರ್ಧಕ್ಕಿಂತ ತುಸು ಹೆಚ್ಚಾದ್ರ ಸಾಕು."

ಗುಲಾಬಿ ತನ್ನ ಪುಸ್ತಕವನ್ನು ನೋಡಿದಳು. ಎಲ್ಲ ಕ್ಷೇಮ ಎಂದು ಹದಿನಾರು ಸಲ ಬರೆದ ತನ್ನದೇ ಕೈಬರಹ. ಹದಿನೇಳನೆಯದನ್ನು ಈಗಷ್ಟೇ ಬರೆದಿದ್ದಳು. ಶಾಯಿ ಇನ್ನೂ ಹೊಳೆಯುತ್ತಿತ್ತು. ಅರವತ್ತಮೂರು ಜನರ ಕ್ಷೇಮದ ಅಡಿಯಲ್ಲಿ ಒಬ್ಬನ ಕೂಗು ಹೂತುಹೋದರೂ ತಾನು ಇದನ್ನೇ ಬರೆಯುತ್ತಿದ್ದೆ, ಊರವರು ಇದನ್ನೇ ನಂಬಿ ಮಲಗುತ್ತಿದ್ದರು. ಕೆಳಗೆ ಲಚ್ಚಕ್ಕ ಈಗ ಮಲಗಿಯೂ ಇರಬಹುದು.

"ಈಗ ಅವ್ರನ್ನ ಕೇಳುಕೆ ಆತ್ತಾ?"

"ಕೊಡದ ಬಾಯಿಗೆ ಬೀಗ ಬಿದ್ದೈತಿ. ದೋಣಿಗಳ ಕೂಡ ಮಾತಾಡಬೇಕಾದ್ರೂ ಅದೇ ಬಾಯಿ. ಕಿವಿ ಒಂದು ತೆರೆದೈತಿ. ನಾವು ಹೇಳಿದ್ದು ಅದಕ್ಕ ಕೇಳತೈತಿ, ಅಷ್ಟ."

ದೋಣಿಗಳು ತಮ್ಮತಮ್ಮಲ್ಲೇ ಮಾತಾಡುವ ವಾಕಿಟಾಕಿ ಹತ್ತು ಮೈಲಿಗಿಂತ ಆಚೆ ಹೋಗುತ್ತಿರಲಿಲ್ಲ. ಫೋನಿನ ಸಿಗ್ನಲ್ಲು ಹನ್ನೆರಡು ಮೈಲಿಗೇ ಸಾಯುತ್ತಿತ್ತು. ಹನ್ನೆರಡು ಗಂಟೆಗೆ ಇನ್ನೂ ಐದು ತಾಸು.

ಆಗ ಈರಣ್ಣ ಚೀಲದಿಂದ ಹಸಿರು ಬೋರ್ಡು ತೆಗೆದು ಮೇಜಿನ ಮೇಲಿಟ್ಟ. ಅದರ ನಡುವೆ ಚೌಕನೆಯ ಒಂದು ಕಪ್ಪು ಚಿಪ್ಪು. ಇಂಥದ್ದೇ ಇನ್ನೊಂದು ಕೊಡದ ಹೊಟ್ಟೆಯಲ್ಲಿದೆ ಎಂದ. ಬೇರೆ ಚಿಪ್ಪುಗಳು ಕಟ್ಟಿದ ಮನೆಯಿದ್ದ ಹಾಗೆ. ಗೋಡೆ ಎಲ್ಲಿದೆಯೋ ಅಲ್ಲೇ. ಈ ಚಿಪ್ಪಿನ ಒಳಗಿನ ಜೋಡಣೆಯನ್ನು ದೂರದಿಂದಲೇ ಬಿಚ್ಚಿ ಹೊಸದಾಗಿ ಹೆಣೆಯಬಹುದು, ಅದೇ ನೂಲಿನಿಂದ ಬೇರೆ ಕಣ್ಣಿನ ಬಲೆ ಹೆಣೆದ ಹಾಗೆ. ಅವನು ಆರು ತಿಂಗಳು ಕೂತು ಒಂದು ಹೊಸ ಹೆಣಿಗೆ ಸಿದ್ಧಮಾಡಿದ್ದ. ಅದು ದೋಣಿಗಳ ಮಾತನ್ನು ಬದಲಿಸುವುದಿಲ್ಲ. ಅಲೆಗಳನ್ನು ಮಾತ್ರ ಒಂದೊಂದನ್ನು ಒಂದೊಂದು ಕಡೆಗೆ ಸ್ವಲ್ಪ ಸ್ವಲ್ಪ ತಿರುಗಿಸುತ್ತದೆ. ಹೇಗೆ ತಿರುಗಿಸಬೇಕು ಎನ್ನುವುದಕ್ಕೆ ಎಂಟು ಬಗೆ. ಪ್ರತಿ ಸಲವೂ ಎಂಟನ್ನೂ ಕಣ್ಣು ಮಿಟುಕಿಸುವಷ್ಟರಲ್ಲಿ ಲೆಕ್ಕಹಾಕಿ, ಯಾವುದರಲ್ಲಿ ನೆತ್ತಿ ಎಲ್ಲಕ್ಕಿಂತ ತಗ್ಗಾಗಿದೆಯೋ ಅದನ್ನೇ ಆರಿಸಿ ಕಳಿಸುತ್ತದೆ. ದಡದ ಯಂತ್ರ ಅದನ್ನು ಹಿಂದಕ್ಕೆ ತಿರುಗಿಸಿ ಓದಿಕೊಳ್ಳುತ್ತದೆ.

"ಎಂಟೆಂಥಕ್ಕೆ? ಒಂದೇ ಬಗೆ ಸಾಲ್ದಾ?"

"ಒಂದೇ ಬಗೆ ಆದ್ರ ಇವತ್ತಿನ ತೊಂದ್ರಿ ಹೋಗತೈತಿ. ಆದ್ರ ಇನ್ಯಾವುದೋ ದಿನ ಇನ್ಯಾವುದೋ ಬೆರಕಿ ಹಿಂಗ ನೆತ್ತಿಗೆ ನೆತ್ತಿ ಕೂಡತೈತಿ. ಯಾವ ದಿನ ಅಂತ ಯಾರಿಗೂ ಗೊತ್ತಿರಂಗಿಲ್ಲ. ಎಂಟೂ ಬಗೆ ಒಂದೇ ದಿನ ಕೈಕೊಡೂದು ಭಾಳ ಅಪರೂಪ."

"ಅದನ್ನ ಈಗ ಕಳಿಸುಕಾತ್ತಾ?"

ಈರಣ್ಣ ಬೆರಳು ಮಡಚಿ ಲೆಕ್ಕ ಹಾಕಿದ. "ನಲವತ್ತು ನಿಮಿಷ ಬೇಕು. ಹಳೇದನ್ನ ಅಳಿಸಿಯೇ ಹೊಸದು ಬರೀಬೇಕು, ಎರಡಕ್ಕೂ ಜಾಗ ಇಲ್ಲ. ನಡುವ ಕಡೀತು ಅಂದ್ರ ಕೊಡ ಪೂರಾ ಮೂಕ. ಮಧ್ಯಾಹ್ನದ ಮಾತೂ ಬರಂಗಿಲ್ಲ, ಸಂಜಿದೂ ಇಲ್ಲ. ಯಾರಾದ್ರೂ ದೋಣಿ ತಗೊಂಡು ಹೋಗಿ ಬಿಚ್ಚಬೇಕು. ಲ್ಯಾಬಿನ್ಯಾಗ ಇಪ್ಪತ್ತು ಸಲ ಕಳಿಸೀನಿ. ಹತ್ತೊಂಬತ್ತು ಸಲ ಮುಟ್ಟೈತಿ."

ಗುಲಾಬಿ ಕಿಟಕಿಯಿಂದ ಕಡಲನ್ನು ನೋಡಿದಳು. ಗಾಳಿಯಿಲ್ಲ, ತೆರೆಯಿಲ್ಲ. ಇಂಥ ದಿನ ಯಾರಿಗೆ ಏನಾದೀತು ಎಂದು ಒಂದು ಮನಸ್ಸು ಹೇಳಿತು. ಬುಟ್ಟಿ ಹೊತ್ತ ಕಾಲದ ಇನ್ನೊಂದು ಮನಸ್ಸು ಬೇರೆ ಲೆಕ್ಕ ಹಾಕಿತು. ಎಲ್ಲರೂ ನಿಜವಾಗಿ ಕ್ಷೇಮವಿದ್ದು ಈ ಕೆಲಸ ಕೆಟ್ಟರೆ, ಊರಿಗೆ ಒಂದು ದಿನದ ಸುದ್ದಿ ತಪ್ಪುತ್ತದೆ, ತನಗೆ ಸಂಘದವರಿಂದ ಬೈಗುಳ ಸಿಗುತ್ತದೆ. ಯಾರೋ ಒಬ್ಬರು ಕೆಂಪು ಒತ್ತಿಕೊಂಡು ಕೂತಿದ್ದು ತಾನು ಮಧ್ಯಾಹ್ನದವರೆಗೆ ಕಾದರೆ, ಆ ಐದು ತಾಸು ಮತ್ತೆ ಸಿಗುವುದಿಲ್ಲ.

"ಕಳ್ಸಿ," ಎಂದಳು.

"ಒಂದು ಮಾತೈತಿ ಅಕ್ಕಾರ. ಎಂಟರಾಗ ಯಾವ ಬಗೆ ಆರಿಸೀನಿ ಅಂತ ಕೊಡ ದಡಕ್ಕ ಹೇಳಬೇಕಲ್ಲ? ಅದಕ್ಕ ಎರಡು ಎಳೆ ಬೇಕು. ಅರವತ್ತನಾಲ್ಕೂ ದೋಣಿಗಳಿಗೆ ಕೊಟ್ಟುಬಿಟ್ಟೀರಿ. ಎರಡು ದೋಣಿ ಬಿಡಬೇಕು. ಅವು ನಮ್ಮ ಮಾತು ಕೇಳತಾವ, ಅವರ ಮಾತು ನಮಗ ಕೇಳಂಗಿಲ್ಲ."

"ಬಿಡ್ದೆ ಆತಿಲ್ಯಾ?"

"ಈಗ ಕುಂತು ತಿದ್ದಿದ್ರ ಖಂಡಿತ ತಪ್ಪು ಮಾಡ್ತೀನಿ."

ಒಂದು ಸುಲಭವಿತ್ತು. ಹದಿನೇಳನೇ ದೋಣಿ ದಡದಲ್ಲೇ ಇತ್ತು, ಬಣ್ಣ ಬಳಿಯಲು ಎಳೆದು ಹಾಕಿದ್ದರು. ಅದರ ಪೆಟ್ಟಿಗೆ ಯಾವಾಗಲೂ ಹಸಿರಿನಲ್ಲೇ ಬಿಟ್ಟಿತ್ತು. ಇನ್ನೊಂದು? ಗುಲಾಬಿ ಬೋರ್ಡಿನ ಮುಂದೆ ನಿಂತು ನಂಬರುಗಳನ್ನು ಒಂದೊಂದಾಗಿ ನೋಡಿದಳು. ಪ್ರತಿ ನಂಬರಿನ ಹಿಂದೆ ಅವಳಿಗೆ ಗೊತ್ತಿರುವ ಒಂದು ಅಡುಗೆಮನೆಯಿತ್ತು. ಯಾರದ್ದನ್ನು ತೆಗೆದರೂ ನಾಳೆ ಆ ಮನೆಯ ಹೆಂಗಸಿನ ಮುಖ ನೋಡಬೇಕು.

"ಹದಿನೇಳು ಬಿಡಿ," ಎಂದಳು. "ಮತ್ತೆ ನಲವತ್ತೊಂದು."

"ನಲವತ್ತೊಂದು ಯಾರ್ದು?"

"ನನ್ ಮಗಳದ್ದ್."

ಈರಣ್ಣ ಅವಳ ಮುಖ ನೋಡಿದ. ಆಮೇಲೆ ಲ್ಯಾಪ್‌ಟಾಪಿನ ಕಡೆ ತಿರುಗಿದ.

ಏಳೂ ಹತ್ತಕ್ಕೆ ಶುರುವಾಯಿತು. ಪರದೆಯ ಮೇಲೆ ಒಂದು ಪಟ್ಟಿ ಇರುವೆಯಂತೆ ಸರಿಯುತ್ತಿತ್ತು. ಗುಲಾಬಿ ಕೆಳಗಿಳಿದು ಕಾರ್ಖಾನೆಯ ದೊಡ್ಡ ಮೋಟರನ್ನು ನಿಲ್ಲಿಸಿದಳು. ಅದು ಶುರುವಾಗುವಾಗ ಕರೆಂಟು ಎಗರುತ್ತದೆ ಎನ್ನುವುದು ಅವಳಿಗೆ ಗೊತ್ತಿತ್ತು. "ಗಡ್ಡೆ ಕರಗಿದ್ರೆ ಯಾರ್ ಜವಾಬ್ದಾರಿ?" ಎಂದು ಕಾರ್ಖಾನೆಯವನು ಜಗಳಕ್ಕೆ ನಿಂತ. "ನಾನೇ ಕರಗ್ತೆ, ಸುಮ್ನಿರ್," ಎಂದು ಅವಳು ಮೇಲೆ ಬಂದಳು. ಪಟ್ಟಿ ಅರ್ಧ ದಾಟಿತ್ತು. ಮುಕ್ಕಾಲಿಗೆ ಬಂದು ನಿಂತಿತು. ಈರಣ್ಣ ಕೈ ಬಾಯಿಗೆ ಒತ್ತಿಕೊಂಡ. ಎಣಿಸಿದರೆ ಹನ್ನೊಂದು ಉಸಿರು. ಮತ್ತೆ ಸರಿಯಿತು.

ಎಂಟಕ್ಕೆ ಹತ್ತು ನಿಮಿಷವಿರುವಾಗ ಕೊಡ ಹೊಸದಾಗಿ ಎದ್ದಿತು. ಎದ್ದ ಕೂಡಲೇ ದೋಣಿಗಳನ್ನು ಕೇಳಿತು, ದೋಣಿಗಳ ಪೆಟ್ಟಿಗೆಗಳು ಉತ್ತರ ಕೊಟ್ಟವು. ಈ ಸಲ ಚಿರ್ರ್ ಎನ್ನಲಿಲ್ಲ. ಗೆರೆ ಹನ್ನೆರಡು ವಾಟಿಗೆ ಹೋಗಿ, ಮೆತ್ತಗೆ ಇಳಿಯಿತು. ಬೋರ್ಡಿನ ಮೇಲೆ ದೀಪಗಳು ಹತ್ತಿದವು. ಹಸಿರು, ಹಸಿರು, ಹಸಿರು. ಅರವತ್ತೊಂದು ಹಸಿರು. ಮೇಲಿನಿಂದ ಎರಡನೇ ಸಾಲಿನಲ್ಲಿ ಒಂದು ಕೆಂಪು.

ಒಂಬತ್ತನೇ ನಂಬರು.

ಗುಲಾಬಿಗೆ ಶೀನಣ್ಣ ಯಾವ ಕಡೆ ಹೋಗಿದ್ದ ಎಂಬುದು ಗೊತ್ತಿತ್ತು. ಹೊರಡುವಾಗ ಪ್ರತಿ ತಾಂಡೇಲನೂ ದೋಣಿ ಕಟ್ಟುವ ದಕ್ಕೆಯ ಹಲಗೆಯ ಮೇಲೆ ದಿಕ್ಕು ಬರೆದು ಹೋಗುವುದು ರೂಢಿ. ಬಡಗು, ನಲವತ್ತೆರಡು ಮೈಲಿ. ಈರಣ್ಣ ಕೊಡವನ್ನು ಮತ್ತೆ ಮಲಗಲು ಬಿಡದೆ ಎಚ್ಚರವಾಗಿಟ್ಟ. ಅವಳು ಮೈಕಿನಲ್ಲಿ ಮೂರು ಸಲ ಹೇಳಿದಳು: "ಒಂಬತ್ತು ಕಷ್ಟದಲ್ಲಿತ್ತ್. ಬಡಗು ಬದಿ ನಲವತ್ತೆರಡರ ಹತ್ರ ಇದ್ದವ್ರ್ ಹೋಯ್ನಿ. ಹೊರಟವ್ರ್ ನೀಲಿ ಒತ್ನಿ." ಎರಡು ನಿಮಿಷಕ್ಕೆ ಇಪ್ಪತ್ತೆರಡನೇ ದೀಪ ನೀಲಿಯಾಯಿತು. ಆಮೇಲೆ ಮೂವತ್ತು. ಆಮೇಲೆ ಐವತ್ತಾರು. ನಲವತ್ತೊಂದರ ಜಾಗ ಕಪ್ಪಾಗೇ ಇತ್ತು. ಅದು ಕಪ್ಪಾಗಿರಬೇಕಾದದ್ದೇ ಎಂದು ಅವಳಿಗೆ ಗೊತ್ತಿತ್ತು. ಆದರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಲಚ್ಚಕ್ಕನಿಗೆ ಹೇಳಲು ಅವಳು ತಾನೇ ಹೋದಳು. ಲಚ್ಚಕ್ಕ ನಿಜಕ್ಕೂ ಮಲಗಿದ್ದಳು. ಎದ್ದು ಕೂತು, ಹೇಳಿದ್ದನ್ನೆಲ್ಲ ಕೇಳಿ, ಕೂದಲು ಕಟ್ಟಿಕೊಂಡು ಸೀದಾ ಅಡುಗೆಮನೆಗೆ ಹೋಗಿ ಒಣಮೀನಿನ ಡಬ್ಬಿಯನ್ನು ಮುಂದಿಟ್ಟುಕೊಂಡು ತಲೆ ಮುರಿಯತೊಡಗಿದಳು. ಗುಲಾಬಿ ಎದುರು ಕೂತು ತಾನೂ ಮುರಿದಳು.

"ನಾನೇ ಹೇಳಿದ್ದಲ್ದಾ ಗುಲಾಬಿ," ಎಂದಳು ಲಚ್ಚಕ್ಕ ಕೊನೆಗೆ. "ಬೀಡಿ ಸೇದ್ತಿದ್ರ್ ಅಂತ."

"ಬರ್ದದ್ದ್ ನಾನ್."

"ನಿನ್ನ ಮಗಳದ್ದ್ ದೀಪ ತೆಗ್ದ್ಯಲ್ಲ."

"ಒಂದ್ ತೆಗಿಲೇಬೇಕಿತ್ತ್."

"ನಂದೇ ತೆಗ್ದಿದ್ರೆ?" ಎಂದಳು ಲಚ್ಚಕ್ಕ. ಆಮೇಲೆ ಆ ಮಾತು ತನಗೇ ತಾಗಿ, ಡಬ್ಬಿಯಿಂದ ಕೈ ತೆಗೆದು ಗುಲಾಬಿಯ ಮೊಣಕೈ ಹಿಡಿದುಕೊಂಡಳು.

ಇಪ್ಪತ್ತೆರಡನೇ ದೋಣಿ ಒಂ‌ಬತ್ತೂ ಕಾಲಿಗೆ ಅಲ್ಲಿಗೆ ಮುಟ್ಟಿತೆಂದು ಆಮೇಲೆ ತಿಳಿಯಿತು. ಬೆಳಗಿನ ಜಾವ ಬಲೆ ಹೋಗಿ ದೋಣಿಯನ್ನು ತಳ್ಳುವ ಫ್ಯಾನಿಗೆ ಸುತ್ತಿಕೊಂಡಿತ್ತು. ಎಳೆತಕ್ಕೆ ಹಿಂಬದಿಯ ಹಲಗೆ ಬಿರುಕು ಬಿಟ್ಟು ನೀರು ಒಳಗೆ ನುಗ್ಗುತ್ತಿತ್ತು. ಬಲೆ ಕಡಿಯಲು ಮುಳುಗಿದ ಒಬ್ಬನ ಕೈ ಜಜ್ಜಿಹೋಗಿತ್ತು. ಐದೂ ಐವತ್ತಕ್ಕೆ ಶೀನಣ್ಣ ಕೆಂಪು ಒತ್ತಿ, ಉಳಿದವರೊಂದಿಗೆ ಬಕೆಟ್ಟಿನಲ್ಲಿ ನೀರು ತೋಡಲು ನಿಂತ. ಹತ್ತು ಗಂಟೆಯ ತನಕ ದೋಣಿ ತೇಲುತ್ತಿತ್ತೇನೋ, ಹನ್ನೆರಡರ ತನಕ ಇಲ್ಲ ಎಂದು ಅವನೇ ಹೇಳಿದ.

ಸಂಜೆ ನಾಲ್ಕಕ್ಕೆ ಇಪ್ಪತ್ತೆರಡನೇ ದೋಣಿಯಿಂದ ಏಳು ಜನ ಇಳಿದರು. ಲಚ್ಚಕ್ಕ ಗಂಡನ ಎದೆಗೆ ಎರಡು ಗುದ್ದಿದಳು, "ಒಳ್ಳೆ ಬಲೆ ಹಾಳ್ ಮಾಡ್ದೆ ನೀನ್," ಎಂದು ಬೈದಳು, ಆಮೇಲೆ ಕೂತು ಅತ್ತಳು. ಈರಣ್ಣನನ್ನು ಬಂಗುಡೆ ಸಾರು ಊಟಕ್ಕೆ ಕರೆದಳು. ಅವನು ಮೀನು ತಿನ್ನುವವನಲ್ಲ ಎಂದಾಗ ಅವಳಿಗೆ ನಿಜಕ್ಕೂ ಬೇಜಾರಾಯಿತು. "ಇಷ್ಟ್ ಬುದ್ಧಿ ಇದ್ದ್ ಮೀನ್ ತಿಂತಿಲ್ಲ ಅಂದ್ರೆ ಹ್ಯಾಂಗೆ?" ಎನ್ನುತ್ತಾ ಹಲಸಿನ ಹಪ್ಪಳ ಕರಿದು ಕೊಟ್ಟಳು.

ಕುಮುದ ಬಂದದ್ದು ಆರೂ ಮುಕ್ಕಾಲಿಗೆ. ಆ ಎರಡೂ ಮುಕ್ಕಾಲು ತಾಸು ಗುಲಾಬಿ ದಕ್ಕೆಯ ತುದಿಯಲ್ಲೇ ನಿಂತಿದ್ದಳು. ಕೋಣೆಯಲ್ಲಿದ್ದು ಮಾಡುವುದೇನೂ ಇರಲಿಲ್ಲ.

"ಬೆಳಿಗ್ಗಿಂದ ಒತ್ತಿ ಒತ್ತಿ ಬೆರಳು ಸೋತುಹೋಯ್ತ್," ಎಂದಳು ಕುಮುದ ಹಗ್ಗ ಎಸೆಯುತ್ತಾ. "ಫೋನ್ ಸಿಕ್ಕಿದ್ ಮೇಲೆ ಲಚ್ಚಕ್ಕನಿಂದ ಗೊತ್ತಾಯ್ತ್. ನನ್ ದೀಪ ಎಂಥಕ್ಕೆ ತೆಗ್ದದ್ದ್?"

"ಮತ್ತೆ ಯಾರದ್ದ್ ತೆಗೂದ್?"

ಕುಮುದ ಹಗ್ಗ ಬಿಗಿದು ದಡಕ್ಕೆ ಹಾರಿದಳು. "ಸರಿ," ಎಂದಳು. "ಮುಂದಿನ ಸಲ ಹೇಳಿ ತೆಗಿ."

ಆ ವಾರವೆಲ್ಲ ಗುಲಾಬಿ ಪುಸ್ತಕ ಹಿಡಿದು ಮನೆಮನೆ ತಿರುಗಿದಳು. ಹದಿನಾರು ತಾರೀಕುಗಳನ್ನು ತೋರಿಸಿ, ಆವತ್ತು ಯಾರಾದರೂ ಕೆಂಪು ಒತ್ತಿದ್ದಿರೇ ಎಂದು ಕೇಳಿದಳು. ಹೆಚ್ಚಿನವರು ಇಲ್ಲವೆಂದರು. ಮೂವತ್ತಮೂರನೇ ದೋಣಿಯ ತಾಂಡೇಲ ಮಾತ್ರ ತಲೆ ತಗ್ಗಿಸಿದ. ಏಳನೇ ಸಲ ಕೊಡ ಮುಚ್ಚಿದ ದಿನ ಅವನ ಎಂಜಿನ್ನು ಸತ್ತಿತ್ತು. ಒತ್ತಿದ. ಯಾರೂ ಬರಲಿಲ್ಲ. ನಾಲ್ಕು ತಾಸು ಬಿಚ್ಚಿ ಬಿಗಿದು, ಹನ್ನೆರಡಕ್ಕೆ ಮೊದಲೇ ತಾವೇ ಸರಿಮಾಡಿಕೊಂಡು ಹಸಿರು ಒತ್ತಿದರು.

"ನೀವ್ ಕಂಡೂ ಸುಮ್ನಿದ್ರಿ ಅಂದ್ಕಂಡೆ," ಎಂದ. "ಸಂಘಕ್ಕೆ ಬಾಕಿ ಇತ್ತಲ್ಲ ನಂದ್, ಅದ್ಕೇ ಅಂತ."

ಗುಲಾಬಿ ಅಲ್ಲೇ ಅವನ ಜಗಲಿಯ ಮೇಲೆ ಕೂತು, ಏಳನೇ ಸಾಲನ್ನು ಹೊಡೆದುಹಾಕಿ, ಆಗಿದ್ದನ್ನು ಆಗಿದ್ದ ಹಾಗೆ ಬರೆದಳು. ಅವನ ಹೆಂಡತಿಯ ಮುಂದೆ ಅದನ್ನು ಓದಿಯೂ ಹೇಳಿದಳು.

ಸಂಘದ ಸಭೆಯಲ್ಲಿ ಎರಡು ಎಳೆಗಳ ಪ್ರಶ್ನೆ ಬಂತು. ಒಂಬತ್ತರ ಎಳೆಗೆ ಸರದಿಯಲ್ಲಿದ್ದ ಬೇರೊಂದು ದೋಣಿ ಆಗಲೇ ಸೇರಿತ್ತು. ಹೊಸ ಹೆಣಿಗೆ ಇರಬೇಕಾದರೆ ಯಾವಾಗಲೂ ಎರಡು ದೋಣಿಗಳಿಗೆ ದೀಪವಿಲ್ಲ. ಹೊಸದಾಗಿ ಸೇರಿದವರು ಬಿಡಲಿ ಎಂದು ಕೆಲವರು, ಸಣ್ಣ ದೋಣಿಯವರು ಬಿಡಲಿ ಎಂದು ಕೆಲವರು. ಕೂಗಾಟ ಜೋರಾಯಿತು. ಕೊನೆಗೆ ಕುಮುದ ಎದ್ದು ನಿಂತು, ದಿನಕ್ಕೆ ಎರಡರಂತೆ ಎಲ್ಲರೂ ಸರದಿಯಲ್ಲಿ ಬಿಡೋಣ, ದೀಪವಿಲ್ಲದ ದಿನ ಆ ದೋಣಿ ಕಡಲಿಗಿಳಿಯುವುದು ಬೇಡ ಎಂದಳು. ದಿನದ ಸಂಪಾದನೆ ಹೋಗುವ ಮಾತು, ಯಾರಿಗೂ ರುಚಿಸಲಿಲ್ಲ. ಒಪ್ಪದೆ ಬೇರೆ ದಾರಿಯೂ ಇರಲಿಲ್ಲ. ಮೊದಲು ಕೈಯೆತ್ತಿದವನು ಶೀನಣ್ಣ, ಕಳೆದುಕೊಳ್ಳಲು ಅವನ ಬಳಿ ದೋಣಿಯೇ ಉಳಿದಿರಲಿಲ್ಲ. ಎರಡನೆಯವನು ಮೂವತ್ತಮೂರರವನು.

ಒಟ್ಟಿನಲ್ಲಿ ಆದದ್ದು ಇಷ್ಟು. ಒಂಬತ್ತನೇ ದೋಣಿ ಹೋಯಿತು. ಅದನ್ನು ಯಾರೂ ಎಳೆದು ತರಲಾಗಲಿಲ್ಲ. ಕೈ ಜಜ್ಜಿದವನ ಎರಡು ಬೆರಳು ಹೋದವು. ಪ್ರತಿ ದೋಣಿಗೂ ಮೂವತ್ತೆರಡು ದಿನಕ್ಕೊಂದು ದಿನದ ಮೀನು ಹೋಯಿತು. ಬಂದರಿನ ಹೆಂಗಸರಿಗೆ ಆಗೊಮ್ಮೆ ಈಗೊಮ್ಮೆ ಸಿಗುತ್ತಿದ್ದ ಬೆಳಗಿನ ನಿದ್ದೆ ಪೂರ್ತಿ ಹೋಯಿತು. ಈಗ ಎಲ್ಲರೂ ಕ್ಷೇಮವೆಂದ ದಿನವೂ ಗುಲಾಬಿ ಒಂದೊಂದೇ ನಂಬರು ಓದುತ್ತಾಳೆ, ಅವರು ಕೊನೆಯ ನಂಬರಿನ ತನಕ ನಿಂತು ಕೇಳುತ್ತಾರೆ. ಉಳಿದದ್ದು ಏಳು ಜನ.